ಪಾದ್ರಿಯ ಪುಸ್ತಕದಲ್ಲಿಲ್ಲದ ಹಿರಿಮಗಳು

ಯಾರಾದರೂ ಏನನ್ನಾದರೂ ಕೇಳಿದಾಗ ‘ನನಗೆ ಗೊತ್ತಿಲ್ಲ’ ಎಂದು ಹೇಳಲು ಬಾರದಿರುವುದು ಒಂದು ಕಾಯಿಲೆ. ನನಗದು ಚಿಕ್ಕಂದಿನಿಂದಲೇ ಇದೆ. ಇಂಜಿನಿಯರ್ ಆದ ಮೇಲೆ ಉಲ್ಬಣಿಸಿತು ಅಷ್ಟೆ. ಮೈಸೂರಿನಲ್ಲಿ ಹೈಸ್ಕೂಲು ಓದುತ್ತಿದ್ದಾಗ ಒಂದು ಮದುವೆ ದಿಬ್ಬಣದ ಬಸ್ಸು ನಮ್ಮ ಬೀದಿಯಲ್ಲಿ ನಿಂತು ಛತ್ರದ ದಾರಿ ಕೇಳಿತ್ತು. ಆ ಛತ್ರದ ಹೆಸರನ್ನೇ ನಾನು ಕೇಳಿರಲಿಲ್ಲ. ಆದರೂ ಕೈ ಬೀಸಿ, ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ಎಂದು ಕಳಿಸಿಕೊಟ್ಟೆ. ಅವರು ಇನ್ಯಾರದೋ ಮದುವೆಯಲ್ಲಿ ಉಪ್ಪಿಟ್ಟು, ಕೇಸರಿಬಾತು ಮುಗಿಸಿ, ಹೆಣ್ಣು ಬೇರೆಯವಳೆಂದು ಗೊತ್ತಾದ ಮೇಲೆ ವಾಪಸು ಬಂದರಂತೆ. ಸ್ಯಾನ್ ಫ್ರಾನ್ಸಿಸ್ಕೋ ಬಳಿಯ ಈ ಫಾಸ್ಟರ್ ಸಿಟಿಗೆ ಬಂದು ಮೂವತ್ತು ವರ್ಷ ದಾಟಿದ ಮೇಲೂ ಗುಣವಾಗದ ಆ ಕಾಯಿಲೆ ಹೋದ ಚಳಿಗಾಲದಲ್ಲಿ ನನ್ನನ್ನು ಐರ್ಲೆಂಡಿನ ಒಂದು ಚರ್ಚಿನೊಳಕ್ಕೆ ತಳ್ಳಿತು.

ತಳ್ಳಿದವಳು ಪಕ್ಕದ ಮನೆಯ ಐಲೀನ್. ಎಂಬತ್ತಾರರ ಹೆಂಗಸು, ಶಾಲೆಯಲ್ಲಿ ಲೆಕ್ಕ ಕಲಿಸಿ ನಿವೃತ್ತಳಾದವಳು. ಅವಳ ಹಿತ್ತಲಿನ ನಿಂಬೆಹಣ್ಣು ನಮ್ಮ ಮನೆಗೆ ಬರುತ್ತದೆ, ಅದೇ ನಿಂಬೆಯ ಚಿತ್ರಾನ್ನ ಅವಳ ಮನೆಗೆ ಹೋಗುತ್ತದೆ. ಒಂದು ಭಾನುವಾರ ಡಬ್ಬಿ ವಾಪಸು ಕೊಡಲು ಬಂದವಳು ಜೊತೆಗೆ ಹಳೆಯ ಕಾಗದ ತುಂಬಿದ ಒಂದು ರಟ್ಟಿನ ಪೆಟ್ಟಿಗೆಯನ್ನೂ ತಂದಳು. ‘ನೀನು ಕಂಪ್ಯೂಟರಿನವನು. ಹಳೆಯ ಚರ್ಚು ದಾಖಲೆ ಹುಡುಕುವುದು ನಿನಗೆ ಗೊತ್ತೇ?’ ಎಂದಳು. ನನ್ನ ಉತ್ತರ ಏನಿತ್ತೆಂದು ಬೇರೆ ಹೇಳಬೇಕಿಲ್ಲ.

ವಿಷಯ ಇಷ್ಟು. ಐಲೀನಳ ಅಪ್ಪನ ತಾಯಿ ಬ್ರಿಜಿಟ್ ಐರ್ಲೆಂಡಿನಿಂದ ಬಂದವಳು. ಐಲೀನಳಿಗೆ ಹತ್ತು ವರ್ಷವಾಗುವವರೆಗೂ ಜಡೆ ಹಾಕಿ, ಹೆಣಿಗೆ ಕಲಿಸಿ, ಪಕ್ಕದಲ್ಲಿ ಮಲಗಿಸಿಕೊಂಡು ಬೆಳೆಸಿದವಳು. ಬ್ರಿಜಿಟ್ ಹುಟ್ಟಿದ ಕಾಲಕ್ಕೆ ಅಲ್ಲಿಯ ಸರ್ಕಾರ ಎಲ್ಲರ ಜನನ ಬರೆದಿಡುತ್ತಿರಲಿಲ್ಲ. ಮಗುವಿಗೆ ದೀಕ್ಷಾಸ್ನಾನ ಮಾಡಿಸಿದ ಪಾದ್ರಿ ತನ್ನ ಪುಸ್ತಕದಲ್ಲಿ ಬರೆದುಕೊಂಡಿದ್ದೇ ದಾಖಲೆ. ಮಗುವಿನ ಹೆಸರು, ಅಪ್ಪ, ಅಮ್ಮ, ಅಮ್ಮನ ತವರಿನ ಮನೆತನದ ಹೆಸರು, ಕೊನೆಗೆ ಸಾಕ್ಷಿ ನಿಂತ ಇಬ್ಬರು ಜ್ಞಾನಪೋಷಕರು. ಬ್ರಿಜಿಟ್‌ಳ ಅಪ್ಪನ ಊರಿನ ಪುಸ್ತಕದಲ್ಲಿ ಅವಳ ಐದು ಜನ ತಮ್ಮ ತಂಗಿಯರೂ ಸಾಲಾಗಿ ಇದ್ದಾರೆ. ಅವಳೊಬ್ಬಳು ಇಲ್ಲ. ‘ಇಲ್ಲ ಅಂದರೆ ಏನರ್ಥ? ಅವಳು ಆ ಮನೆಯವಳಲ್ಲ, ಎಲ್ಲೋ ಸಿಕ್ಕ ಮಗು’ ಎಂದು ಐಲೀನಳ ದೊಡ್ಡಪ್ಪನ ಮಗನೊಬ್ಬ ವರ್ಷಗಳ ಹಿಂದೆ ನಗುತ್ತಾ ಹೇಳಿಬಿಟ್ಟಿದ್ದ. ಅವನಿಗೆ ಅದು ತಮಾಷೆ. ಇವಳಿಗೆ ಮಾತ್ರ ಮುಳ್ಳು ಮುರಿದು ಒಳಗೇ ಉಳಿದಂತಾಗಿತ್ತು. ಬರುವ ಏಪ್ರಿಲಿನಲ್ಲಿ ಐಲೀನ್ ಐರ್ಲೆಂಡಿಗೆ ಹೊರಡುವವಳಿದ್ದಳು. ‘ಈ ವಯಸ್ಸಿನಲ್ಲಿ ಇನ್ನೊಂದು ಸಲ ಆಗದ ಮಾತು. ಆ ಸಮಾಧಿಗಳ ಮುಂದೆ ನಿಂತು ಇವರು ನನ್ನವರು ಎಂದುಕೊಳ್ಳಬಹುದೋ ಇಲ್ಲವೋ, ಅಷ್ಟು ತಿಳಿದರೆ ಸಾಕು’ ಎಂದಳು.

ನಾನು ಆಫೀಸಿನಲ್ಲಿ ಡೇಟಾಬೇಸು ನೋಡಿಕೊಳ್ಳುವವನು. ಇದೆಷ್ಟರ ಕೆಲಸ ಎಂದುಕೊಂಡೆ. ಪುಸ್ತಕಗಳ ಚಿತ್ರವೆಲ್ಲ ಇಂಟರ್ನೆಟ್ಟಿನಲ್ಲೇ ಇತ್ತು. ಬರೆದವರು ಪಾದ್ರಿಗಳಾದರೂ ಅಕ್ಷರ ಮಾತ್ರ ಡಾಕ್ಟರುಗಳದು. ಅದೂ ಲ್ಯಾಟಿನ್ನಿನಲ್ಲಿ. ನಾನು ಏಳು ಬಣ್ಣದ ಎಕ್ಸೆಲ್ ಶೀಟು ಮಾಡಿದೆ. ಆರು ಭಾನುವಾರ ಐಲೀನಳನ್ನು ನಮ್ಮ ಊಟದ ಮೇಜಿನ ಮುಂದೆ ಕೂರಿಸಿಕೊಂಡು ಒಂದೇ ಪುಸ್ತಕವನ್ನು ಹಿಂದೆ ಮುಂದೆ ಜಾಲಾಡಿದೆ. ಹನ್ನೊಂದು ಬ್ರಿಜಿಟ್‌ಗಳು ಸಿಕ್ಕರು, ಒಬ್ಬಳೂ ನಮ್ಮವಳಲ್ಲ. ವಾರಕ್ಕೊಂದು ಸಿದ್ಧಾಂತ ಮಂಡಿಸಿದೆ. ಮೊದಲನೆಯ ವಾರ ಹಾಳೆ ಹರಿದಿದೆ ಎಂದೆ, ಪುಟಸಂಖ್ಯೆ ಸರಿಯಾಗಿತ್ತು. ಮೂರನೆಯ ವಾರ ಪಾದ್ರಿಗೆ ಕಾಯಿಲೆಯಾಗಿತ್ತು ಎಂದೆ. ಬ್ರಿಜಿಟ್ ಹುಟ್ಟಿದ ತಿಂಗಳಲ್ಲೇ ಆತ ನಾಲ್ಕು ಮದುವೆ ಮಾಡಿಸಿದ್ದ. ಆರನೆಯ ವಾರ ಐಲೀನ್ ಕನ್ನಡಕ ತೆಗೆದು ಮಡಿಚಿಟ್ಟು, ‘ಹೋಗಲಿ ಬಿಡು. ಅವನು ಹೇಳಿದ್ದೇ ನಿಜವಿರಬಹುದು’ ಎಂದಳು. ನಾನು ಏಳನೆಯ ಸಿದ್ಧಾಂತಕ್ಕಾಗಿ ಶೀಟಿನ ಮೇಲಿಂದ ಕೆಳಗೆ ಮತ್ತೆ ಕಣ್ಣಾಡಿಸಿದೆ.

ನನ್ನ ಹೆಂಡತಿ ಶಾರದೆ ಆ ಆರೂ ಭಾನುವಾರ ಅದೇ ಮೇಜಿನ ಇನ್ನೊಂದು ತುದಿಯಲ್ಲಿ ಸೊಪ್ಪು ಬಿಡಿಸುತ್ತಲೋ ಬಟ್ಟೆ ಮಡಿಸುತ್ತಲೋ ಇದ್ದವಳು. ಅವತ್ತು ಮೆಂತ್ಯದ ಸೊಪ್ಪು. ತಲೆ ಎತ್ತದೆ ಕೇಳಿದಳು.

‘ರೀ, ಆ ಅಜ್ಜಿ ಎಷ್ಟನೇ ಮಗು?’

‘ಮೊದಲನೇದು. ದೊಡ್ಡವಳು.’

‘ಮತ್ತೆ ಅಪ್ಪನ ಊರಲ್ಲಿ ಯಾಕೆ ಹುಡುಕ್ತಾ ಇದೀರಿ? ಚೊಚ್ಚಲ ಬಾಣಂತನಕ್ಕೆ ಯಾರಾದ್ರೂ ಗಂಡನ ಮನೇಲಿ ಕೂತಿರ್ತಾರಾ?’

ನಾನು ತಾಳ್ಮೆಯಿಂದ ತಿಳಿಹೇಳಿದೆ. ‘ಅದು ನಮ್ಮ ಕಡೆ ಪದ್ಧತಿ ಕಣೇ. ಇವರು ಐರಿಷ್ ಜನ.’

‘ಐರಿಷ್ ಜನಕ್ಕೆ ಅಮ್ಮ ಇರಲ್ವಾ?’ ಎಂದಳು ಶಾರದೆ.

ಏನು ವಿಷಯ ಎಂದು ಐಲೀನ್ ಕೇಳಿದಳು. ಶಾರದೆ ಇಂಗ್ಲಿಷಿನಲ್ಲಿ ಹೇಳಿದಳು. ಐಲೀನ್ ಮಡಿಚಿಟ್ಟಿದ್ದ ಕನ್ನಡಕವನ್ನು ಮತ್ತೆ ಹಾಕಿಕೊಂಡು, ‘ನನ್ನ ಅಮ್ಮ ಇದ್ದದ್ದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಆದರೆ ನಾನು ಹುಟ್ಟಿದ್ದು ಓಕ್ಲ್ಯಾಂಡಿನಲ್ಲಿ, ಅವಳ ತಾಯಿಯ ಮನೆಯಲ್ಲಿ’ ಎಂದಳು. ಎಂಬತ್ತಾರು ವರ್ಷ ತನ್ನ ಬಳಿಯೇ ಇದ್ದ ಉತ್ತರವನ್ನು ಈಗ ನೋಡಿದವಳ ಹಾಗಿತ್ತು ಅವಳ ಮುಖ.

ಸರಿ, ಆದರೆ ತವರೂರು ಯಾವುದು? ಬ್ರಿಜಿಟ್‌ಳ ತಾಯಿ ಹೊನೋರಾ, ಟೂಹಿ ಮನೆತನದವಳು; ಅಷ್ಟೇ ಗೊತ್ತಿದ್ದದ್ದು. ‘ಎರಡನೇ ಮಗುವಿನ ಶಾಸ್ತ್ರಕ್ಕೆ ಸೋದರಮಾವ ಬಂದಿರ್ತಾನಲ್ಲ, ಅವನು ಯಾವೂರಿನೋನು ನೋಡಿ’ ಎಂದಳು ಶಾರದೆ. ನನ್ನ ಏಳು ಬಣ್ಣದ ಶೀಟಿನಲ್ಲಿ ಜ್ಞಾನಪೋಷಕರಿಗೆ ಕಾಲಮ್ಮೇ ಇರಲಿಲ್ಲ. ಬರೀ ಸಾಕ್ಷಿಗಳು ಎಂದು ಕೈಬಿಟ್ಟಿದ್ದೆ. ಮೂಲ ಪುಟ ತೆಗೆದು ದೊಡ್ಡದು ಮಾಡಿದೆ. ಜೇಮ್ಸ್ ಟೂಹಿ ಎಂಬ ಹೆಸರು, ಅದರ ಪಕ್ಕದಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಅವನ ಊರು. ನಕ್ಷೆಯಲ್ಲಿ ನೋಡಿದರೆ ಗುಡ್ಡದ ಆಚೆ, ಬೇರೆ ಚರ್ಚಿಗೆ ಸೇರಿದ ಹಳ್ಳಿ. ಆ ಚರ್ಚಿನ ಪುಸ್ತಕ ತೆರೆದೆ. ಸೊಪ್ಪಿನ ಹುಳಿಗೆ ಒಗ್ಗರಣೆ ಬೀಳುವಷ್ಟರಲ್ಲಿ ಬ್ರಿಜಿಟ್ ಸಿಕ್ಕಳು. ಅಪ್ಪ ಅವನೇ, ಅಮ್ಮ ಹೊನೋರಾ ಟೂಹಿ, ಸಾಕ್ಷಿ ನಿಂತ ಇಬ್ಬರೂ ಟೂಹಿಗಳು. ಕೆಲವು ಪುಟ ಹಿಂದೆ ಅಪ್ಪ ಅಮ್ಮನ ಮದುವೆಯೂ ಅದೇ ಚರ್ಚಿನಲ್ಲಿ. ಐಲೀನ್ ಪರದೆಯ ಮೇಲೆ ಬೆರಳಿಟ್ಟು ಆ ಸಾಲನ್ನು ಮೂರು ಸಲ ಓದಿದಳು. ‘ಅವಳು ಅವರ ಮಗಳೇ’ ಎಂದಳು. ಆಮೇಲೆ ಅತ್ತಳು. ಶಾರದೆ ಒಲೆ ಆರಿಸಿ ಬಂದು ಅವಳ ಬೆನ್ನು ಸವರಿದಳು. ನಾನು ಫೈಲು ಸೇವ್ ಮಾಡುವ ನೆಪದಲ್ಲಿ ಆ ಕಡೆ ತಿರುಗಿಕೊಂಡೆ.

ಅಲ್ಲಿಗೆ ಮುಗಿದಿದ್ದರೆ ನಾನು ಸುಖವಾಗಿರುತ್ತಿದ್ದೆ. ಊಟಕ್ಕೆ ಕೂತಾಗ ಐಲೀನ್ ಶಾರದೆಯನ್ನು ಕೇಳಿದಳು: ‘ಹಾಗಾದರೆ ನೀನೂ ಮೊದಲ ಮಗುವಿಗೆ ನಿನ್ನ ತಾಯಿಯ ಮನೆಗೆ ಹೋಗಿದ್ದೆ ಅಲ್ಲವೇ?’

ಶಾರದೆಯ ತವರು ಹಾಸನ. ನಮ್ಮ ಮಗಳು ಹೊಟ್ಟೆಯಲ್ಲಿದ್ದಾಗ ಹೋಗಿಬರುತ್ತೇನೆಂದು ಇವಳು ಕೇಳಿದ್ದು ಎರಡು ಸಲ. ಇಲ್ಲಿಯ ಆಸ್ಪತ್ರೆ, ಇನ್ಶೂರೆನ್ಸು, ಅಲ್ಲಿಯ ಸೊಳ್ಳೆ ಎಂದು ನಾನು ಒಂದು ಪಟ್ಟಿಯನ್ನೇ ಓದಿದ್ದೆ. ಅಷ್ಟರಲ್ಲಿ ನಮ್ಮತ್ತೆ ಅಟ್ಟದಿಂದ ತೊಟ್ಟಿಲು ಇಳಿಸಿ ಬಣ್ಣ ಹೊಡೆಸಿದ್ದರು. ಬರುವುದಿಲ್ಲವೆಂದು ತಿಳಿದ ಮೇಲೆ ಬಾಣಂತಿಯ ಖಾರದ ಪುಡಿ, ಅಂಟಿನುಂಡೆ ಕಟ್ಟಿ ಪಾರ್ಸೆಲ್ ಮಾಡಿದರು. ಅದು ತಲುಪುವ ಹೊತ್ತಿಗೆ ಮಗು ಅಂಬೆಗಾಲಿಡುತ್ತಿತ್ತು. ನಾನೇನೂ ಕೈಕಟ್ಟಿ ಕೂತಿರಲಿಲ್ಲ. ಎರಡು ವಾರ ರಜ ಹಾಕಿ, ಮೆಣಸಿನ ಸಾರು ಮಾಡಿ, ಬಾಣಂತನ ನಾನೇ ನಿಭಾಯಿಸಿದೆ. ನಮ್ಮತ್ತೆ ಈಗಿಲ್ಲ. ಶಾರದೆ ಐಲೀನಳಿಗೆ ಇಷ್ಟೇ ಹೇಳಿದಳು: ‘ಇಲ್ಲ. ಇಲ್ಲೇ ಇದ್ದೆ.’ ಸಿಟ್ಟಿರಲಿಲ್ಲ, ಕೊಂಕೂ ಇರಲಿಲ್ಲ. ಅದಕ್ಕೇ ನಾನು ಎದ್ದು, ತುಂಬಿದ್ದ ನೀರಿನ ಜಗ್ಗನ್ನೇ ಮತ್ತೆ ತುಂಬಿಸಲು ಹೋದೆ.

ಐಲೀನ್ ಮೊನ್ನೆ ಊರಿಗೆ ಹೋದಳು, ಗುಡ್ಡದ ಎರಡೂ ಕಡೆಯ ಸಮಾಧಿಗಳಿಗೆ ಹೂ ಇಡುತ್ತೇನೆಂದು ಹೇಳಿ. ನಾನು ಮಾತ್ರ ಯೋಚನೆಯಲ್ಲಿ ಬಿದ್ದೆ. ನೂರು ವರ್ಷ ಕಳೆದು ನಮ್ಮ ಮರಿಮಕ್ಕಳ ಮಕ್ಕಳಲ್ಲಿ ಯಾರಾದರೂ ಹುಡುಕಿದರೆ, ಹಿರಿಮಗಳು ಹುಟ್ಟಿದ್ದು ತವರಿನಲ್ಲಲ್ಲ, ಸೋದರಮಾವನ ಸುಳಿವಿಲ್ಲ ಎಂದು ಕಂಡು, ಪಾಪ, ಈ ಹೆಂಗಸಿಗೆ ತವರೇ ಇರಲಿಲ್ಲವೇನೋ ಎಂದುಕೊಂಡರೆ? ಹಾಗಾಗಬಾರದೆಂದೇ ಇಷ್ಟನ್ನು ಬರೆದಿಟ್ಟಿದ್ದೇನೆ. ಶಾರದೆಗೆ ತವರಿತ್ತು, ಬಣ್ಣ ಹೊಡೆದ ತೊಟ್ಟಿಲಿತ್ತು, ಕಾದು ಕೂತ ತಾಯಿಯಿದ್ದಳು. ಕಳಿಸದವನು ನಾನು.

ಬರೆದದ್ದನ್ನು ಶಾರದೆಗೆ ಓದಲು ಕೊಟ್ಟೆ. ಪೂರ್ತಿ ಓದಿ, ಸೆರಗಿನಿಂದ ಕಣ್ಣೊರೆಸಿಕೊಂಡು, ಪೆನ್ನು ಕೇಳಿದಳು. ‘ಎರಡು ವಾರ ಅಲ್ಲ, ನೀವು ರಜ ಹಾಕಿದ್ದು ನಾಲ್ಕು ದಿನ. ದಾಖಲೆ ಅಂದಮೇಲೆ ಸರಿಯಾಗಿರ್ಬೇಕು’ ಎಂದಳು. ಅದನ್ನು ಅಂಚಿನಲ್ಲಿ ಬರೆದು, ಕೆಳಗೆ ಸಾಕ್ಷಿಯ ಜಾಗದಲ್ಲಿ ರುಜು ಹಾಕಿದ್ದಾಳೆ.