ಬಿಸ್ಕತ್ತಿನ ಡಬ್ಬಿಯಲ್ಲಿ ವೈರಾಗ್ಯ

ಮೂರು ದಿನದಿಂದ ಹೆಂಡತಿ ಬೈದಿಲ್ಲ ಎಂದು ಗಂಡನಾದವನು ಯಾರ ಮುಂದೆ ಹೋಗಿ ಅಳಬೇಕು? ಕೇಳಿದವರು ನಕ್ಕಾರು. ಇಲ್ಲವೇ, ‘ಗುಟ್ಟೇನು ಹೇಳು ಮಾರಾಯ’ ಎಂದು ಕಾಲು ಹಿಡಿದಾರು.

ನಮ್ಮ ಪಾದಸೇವಕನ ಸಂಕಟ ಅದೇ. (ಚಪ್ಪಲಿ ಅಂಗಡಿಯಲ್ಲಿ ದಿನವಿಡೀ ಮೊಣಕಾಲೂರಿ ಕಂಡಕಂಡವರ ಕಾಲಿಗೆ ಬೂಟು ತೊಡಿಸುವವನಿಗೆ ಹೆಂಡತಿ ದಯಪಾಲಿಸಿದ ಬಿರುದಿದು. ಇಷ್ಟು ಪಾದಸೇವೆಗೆ ಬೇರೆಯವರಿಗೆ ಮೋಕ್ಷವೇ ಸಿಗುತ್ತಿತ್ತು. ಇವನಿಗೆ ಸಿಕ್ಕಿದ್ದು ಮಂಡಿನೋವು.)

ಎಲ್ಲಕ್ಕೂ ಮೂಲ ಮಹಡಿ ಮನೆಯ ಮೇಷ್ಟ್ರು. ನಿವೃತ್ತರಾದ ಮೇಲೆ ಪಾಠ ಕೇಳುವವರಿಲ್ಲದೆ ಭಾನುವಾರದ ಪ್ರವಚನ ಶುರುಮಾಡಿದ್ದರು. ಈ ಸಲ ಅಪ್ಪಣೆಯಾಯಿತು: “ನಿಮಗೆ ಅತ್ಯಂತ ಪ್ರಿಯವಾದದ್ದೊಂದನ್ನ ಮೂವತ್ತು ದಿನ ಬಿಡಿ. ಏನು ಅಂತ ಚೀಟೀಲಿ ಬರೆದು ಡಬ್ಬಿಗೆ ಹಾಕಿ. ಗಡುವು ಮುಗಿಯೋವರೆಗೂ ಯಾರೂ ತೆಗೆಯೋ ಹಾಗಿಲ್ಲ.”

ಗಂಡ ಹೆಂಡತಿ ಮನೆಗೆ ಬಂದು, ಬೆನ್ನಿಗೆ ಬೆನ್ನು ಮಾಡಿ ಕೂತು ಬರೆದು, ಚೀಟಿಗಳನ್ನು ಖಾಲಿ ಬಿಸ್ಕತ್ತಿನ ಡಬ್ಬಿಗೆ ಹಾಕಿದರು. ಪಾದಸೇವಕ ಗಾಢವಾಗಿ ಚಿಂತಿಸಿ ‘ಬೆಳಗಿನ ವ್ಯಾಯಾಮ’ ಎಂದು ಬರೆದ. ಮದುವೆಯಾದಂದಿನಿಂದ ಮಾಡದಿದ್ದ ವ್ಯಾಯಾಮವನ್ನು ತ್ಯಜಿಸುವುದು ಅವನಿಗೆ ಅಷ್ಟೇನೂ ಕಷ್ಟವಾಗಲಿಲ್ಲ.

ಸೋಮವಾರ ಒದ್ದೆ ಟವೆಲ್ಲನ್ನು ಎಂದಿನಂತೆ ಹಾಸಿಗೆಯ ಮೇಲೆಸೆದು, ಎಂದಿನಂತೆ ತಲೆ ತಗ್ಗಿಸಿ ಕಾದ. ಹೆಂಡತಿ ಅದನ್ನೆತ್ತಿ ಒಣಹಾಕಿ, “ಪರವಾಗಿಲ್ಲ ಬಿಡಿ” ಎಂದಳು. ಅವನ ಎದೆ ಧಸಕ್ಕೆಂದಿತು. ಮಂಗಳವಾರ ಹಾಲು ಉಕ್ಕಿಸಿದ. “ಪರವಾಗಿಲ್ಲ ಬಿಡಿ.” ಬುಧವಾರ, ತಡೆಯಲಾರದೆ, ಮಹಾಪಾತಕಕ್ಕೇ ಕೈಹಾಕಿದ. ಅವಳು ದರ್ಜಿ, ಬಟ್ಟೆಯ ಕತ್ತರಿಗೆ ಕಾಗದ ಸೋಕಿದರೂ ಮೊಂಡಾಯಿತೆಂದು ಸೂರು ಹಾರುವಂತೆ ಕೂಗುವವಳು. ಆ ಕತ್ತರಿಯಿಂದ ಬೂಟಿನ ರಟ್ಟಿನ ಪೆಟ್ಟಿಗೆಯನ್ನು ಅವಳ ಕಣ್ಣೆದುರೇ ಕರಕರ ಕತ್ತರಿಸಿದ. ಅವಳ ಹುಬ್ಬು ಮೇಲೆದ್ದಿತು. ಬಾಯಿ ತೆರೆಯಿತು. ಪಾದಸೇವಕ ಆಸೆಯಿಂದ ಕಣ್ಣು ಮುಚ್ಚಿಕೊಂಡ.

“ಕತ್ತರಿ ಇರೋದೇ ಕತ್ತರಿಸೋಕಲ್ವಾ ರೀ.”

ರಾತ್ರಿ ಅವನು ಅರ್ಧ ಊಟ ಬಿಟ್ಟು ಎದ್ದ.

ಮರುದಿನ ಅಂಗಡಿಯ ಹಿರಿಯ ಸೇಲ್ಸ್‌ಮನ್ ಎಲ್ಲವನ್ನೂ ಕೇಳಿ ತಲೆದೂಗಿದ. “ಬೈಯೋ ಹೆಂಡತಿ ಬೈಯೋದು ನಿಲ್ಲಿಸಿದ್ಲು ಅಂದ್ರೆ ಎರಡೇ ಅರ್ಥ ಕಣಪ್ಪಾ. ಒಂದು, ದೊಡ್ಡ ಕಾಯಿಲೆ. ಎರಡು, ತವರಿಗೆ ಹೊರಟಿದಾಳೆ.”

“ಮೂರನೇದು ಇಲ್ವಾ ಅಣ್ಣಾ?”

“ಮೂರನೇದು ನಿನಗೆ ಹೊಳೆಯೋಷ್ಟರಲ್ಲಿ ಎರಡನೇದು ಆಗಿಹೋಗಿರತ್ತೆ.”

ಆ ದಿನ ಒಬ್ಬ ಗಿರಾಕಿಯ ಎರಡು ಕಾಲಿಗೂ ಎಡಗಾಲಿನ ಬೂಟೇ ಬಿತ್ತು.

ಸಂಜೆ ಮನೆಗೆ ಬಂದರೆ ಅಟ್ಟದ ಮೇಲಿನ ಸೂಟ್‌ಕೇಸು ಕೆಳಗಿಳಿದಿದೆ! ಪಕ್ಕದಲ್ಲಿ ಮಡಿಸಿಟ್ಟ ಬಟ್ಟೆಯ ರಾಶಿ! ಪಾದಸೇವಕನ ಪಾದದಡಿಯ ನೆಲವೇ ಜಾರಿತು. ವ್ರತ ಹಾಳಾಗಲಿ ಎಂದು ಸ್ಟೂಲು ಹತ್ತಿ, ಕಪಾಟಿನ ಮೇಲಿದ್ದ ಬಿಸ್ಕತ್ತಿನ ಡಬ್ಬಿ ತೆಗೆದು ಅವಳ ಚೀಟಿ ಬಿಚ್ಚಿದ.

‘ನಮ್ಮನೆಯವರ ಜೊತೆ ಜಗಳ.’

ಮೂರು ಸಲ ಓದಿದ. ಅತ್ಯಂತ ಪ್ರಿಯವಾದದ್ದು! ಅಕ್ಷರಗಳು ಮಂಜಾದವು.

“ಡಬ್ಬಿ ತೆಗೆದ್ರಾ?” ಬಾಗಿಲಲ್ಲಿ ಅವಳು.

“ತಪ್ಪಾಯ್ತು ಕಣೇ, ನೀನು ಸೂಟ್‌ಕೇಸು ತೆಗೆದಿದ್ದು ನೋಡಿ…”

“ಹೊಲಿದ ಬಟ್ಟೆ ಇಡೋಕೆ ಜಾಗ ಬೇಡ್ವಾ?”

“ಅಯ್ಯೋ, ಬದುಕಿದೆ! ಬೈಯೇ, ಒಂದೇ ಒಂದು ಸಲ ಬೈಯಿ. ನಿನ್ನ ಬೈಗುಳಕ್ಕಿಂತ ಪ್ರಿಯವಾದದ್ದು ನನಗೆ ಈ ಲೋಕದಲ್ಲಿ ಇನ್ನೊಂದಿಲ್ಲ, ನನ್ನಾಣೆ!”

ಅವಳ ಮುಖ ಒಂದು ಕ್ಷಣ ಮೆತ್ತಗಾಯಿತು. ಆದರೆ ಅಷ್ಟರಲ್ಲಿ ಅವಳ ಕೈ ಡಬ್ಬಿಯೊಳಗಿನ ಇನ್ನೊಂದು ಚೀಟಿಯನ್ನು ಬಿಚ್ಚಿಯಾಗಿತ್ತು. ಓದಿದಳು. ಸ್ಟೂಲಿನ ಮೇಲಿದ್ದ ಗಂಡನ ಹೊಟ್ಟೆ ನೋಡಿದಳು. ಮತ್ತೆ ಚೀಟಿ ನೋಡಿದಳು. ಈಗ ಬಂತು ಸಿಡಿಲು ಎಂದು ಪಾದಸೇವಕ ಮೈಯೆಲ್ಲ ಕಿವಿಯಾಗಿ ಕಾದ.

ಅವಳು ಕಿವಿಗೆ ಸಿಕ್ಕಿಸಿಕೊಂಡಿದ್ದ ಪೆನ್ಸಿಲು ತೆಗೆದು ‘ಬೆಳಗಿನ ವ್ಯಾಯಾಮ’ವನ್ನು ಹೊಡೆದುಹಾಕಿ, ಕೆಳಗೆ ದುಂಡಗೆ ಬರೆದಳು: ‘ಹೆಂಡತಿಯ ಬೈಗುಳ.’

“ಪ್ರಿಯವಾದದ್ದು ಇದೇ ಅಂತ ಈಗ ತಾನೇ ಆಣೆ ಮಾಡಿದ್ರಲ್ಲ. ಇನ್ನೂ ಇಪ್ಪತ್ತಾರು ದಿನ ಇದೆ.”

“ಮತ್ತೆ… ವ್ಯಾಯಾಮ?”

“ಅದನ್ನ ಬಿಟ್ಟಿಲ್ಲ ಅಂತಾಯ್ತಲ್ಲ. ಬೆಳಿಗ್ಗೆ ಐದಕ್ಕೆ ಎಬ್ಬಿಸ್ತೀನಿ.”

“ಐದಕ್ಕಾ! ನನ್ನ ಮಂಡಿ ಮುರಿದುಹೋಗತ್ತೆ ಕಣೇ!”

“ಪರವಾಗಿಲ್ಲ ಬಿಡಿ.”