ದಿವಾನನ ಹೊಟ್ಟೆಪಟ್ಟಿ

ವಿಜಯಪುರದಲ್ಲಿ ನಾಯಿಯ ಹೊಟ್ಟೆಯಿಂದ ಕನ್ನಡ ಮಾತಾಡಿಸಿದ ಮೊದಲ ಹೆಂಗಸು ನನ್ನ ಹೆಂಡತಿ ಕಾಶೀಬಾಯಿ. ಎರಡನೆಯವಳು ಇನ್ನೂ ಹುಟ್ಟಿಲ್ಲ, ಬರೆದಿಟ್ಟುಕೊಳ್ಳಿ!

ಕಾಶಿ ಮನೆಯಲ್ಲೇ ಮಿಕ್ಸರ್, ರೇಡಿಯೊ ರಿಪೇರಿ ಮಾಡುತ್ತಾಳೆ. ಆ ಸೋಮವಾರ ಮುಂಜಾನೆ ನಮ್ಮ ನಾಯಿ ದಿವಾನನ ಹೊಟ್ಟೆಗೆ ಒಂದು ಅಗಲವಾದ ಪಟ್ಟಿ ಬಿಗಿದಳು. ನೋಡಲು ಪಕ್ಕದ ಮನೆಯ ಬಸಲಿಂಗಪ್ಪ ಮಾಸ್ತರರೂ ಬಂದಿದ್ದರು.

"ಹೊಟ್ಟ್ಯಾಗ ಏನದ ಅಂತ ಇದು ತಾನ ಹೇಳ್ತದ" ಎಂದಳು.

ದಿವಾನ ಒಂದು ತುತ್ತು ಮೊಸರನ್ನ ನುಂಗಿದ. ಪಟ್ಟಿಯ ಸ್ಪೀಕರ್ ವಾರ್ತೆ ಓದುವ ಗತ್ತಿನಲ್ಲಿ ಹೇಳಿತು: "ಮೊಸರನ್ನ, ಒಂದು ತುತ್ತು. ಉಪ್ಪು ಕಡಿಮೆ!"

ಅಡುಗೆ ನನ್ನದು. ಆದರೂ ನನ್ನ ಎದೆ ಎರಡು ಇಂಚು ಉಬ್ಬಿತು!

ಮಧ್ಯಾಹ್ನದ ಹೊತ್ತಿಗೆ ದಿವಾನ ವಾಂತಿ ಮಾಡತೊಡಗಿದ. ಒಮ್ಮೆ, ಮತ್ತೊಮ್ಮೆ, ಆರನೇ ಸಲಕ್ಕೆ ನಾನು ಎಣಿಸುವುದನ್ನೇ ಬಿಟ್ಟೆ. ನೀರು ಇಟ್ಟರೂ ಮೂತಿ ತಿರುಗಿಸಿ ನೆಲಕ್ಕೆ ಬಿದ್ದುಕೊಂಡ. ನಾನು ಪಶುವೈದ್ಯೆ ಮುಬೀನಾ ಅವರಿಗೆ ಫೋನು ಮಾಡಿದೆ. ಸುದ್ದಿ ಕೇಳಿ ಮಾಸ್ತರರೂ ಮತ್ತೆ ಬಂದರು. ಪಟ್ಟಿ ಏನೋ ಗೊಣಗುತ್ತಿತ್ತು, ಕೇಳಿಸುತ್ತಿರಲಿಲ್ಲ. ಕಾಶಿ ಅದರ ತಿರುಗಣಿಯನ್ನು ಕೊನೆಯವರೆಗೆ ತಿರುವಿದಳು.

"ಮಿರ್ಚಿ ಭಜಿ, ನಾಲ್ಕು!"

"ಇವನಿಗೆ ಭಜಿ ಯಾರು ಕೊಟ್ರಿ?" ಎಂದು ಕಾಶಿ ಕೂಗಿದಳು.

ಮಾಸ್ತರರ ಮುಖ ಇಳಿಯಿತು. "ಅದು... ನನ್ನ ಹೊಟ್ಟ್ಯಾಗಿಂದು ಇರಬೇಕವ್ವಾ."

"ಮಾಸ್ತರ್, ಇವತ್ತ ನಿಮ್ದು ಉಪವಾಸ ಅಲ್ರೀ?"

ಪಟ್ಟಿ ಮುಂದುವರಿಯಿತು: "ಮೈಸೂರುಪಾಕು, ಎರಡು!"

ಈ ಸಲ ಕಾಶಿ ನನ್ನತ್ತ ತಿರುಗಿದಳು. ನಾನು ಸಕ್ಕರೆ ಕಾಯಿಲೆಯವನು.

ಅಷ್ಟರಲ್ಲಿ ಡಾಕ್ಟರ್ ಮುಬೀನಾ ಒಳಗೆ ಕಾಲಿಟ್ಟರು. ಪಟ್ಟಿ ಅವರನ್ನೂ ಬಿಡಲಿಲ್ಲ: "ಬರೀ ಚಹಾ, ಮೂರು ಕಪ್ಪು. ಊಟ ಇಲ್ಲ!"

"ಖರೇನ ಅದ, ಪುರಸೊತ್ತ ಸಿಕ್ಕಿಲ್ರಿ" ಎನ್ನುತ್ತಲೇ ಅವರು ದಿವಾನನ ಒಸಡು ಎತ್ತಿ ನೋಡಿದರು. ನಗು ಹೋಯಿತು. "ಭಾಳ ನೀರು ಕಳಕೊಂಡಾನ. ಏನು ತಿಂದಾನ ಗೊತ್ತಾಗಬೇಕು, ಲಗೂ ಹೇಳ್ರಿ!"

ತಿರುಗಣಿ ಏರಿಸಿದ ಪಟ್ಟಿ ಮಾತ್ರ ಹತ್ತಿರವಿದ್ದ ನಮ್ಮೆಲ್ಲರ ಹೊಟ್ಟೆಯನ್ನೂ ಒಟ್ಟಿಗೇ ಒದರುತ್ತಿತ್ತು. ಭಜಿ! ಚಹಾ! ಮೈಸೂರುಪಾಕು!

"ಎಲ್ಲಾರೂ ಹೊರಗ ನಡೀರಿ!" ಕಾಶಿ ಗುಡುಗಿದಳು. ದಿವಾನನನ್ನು ಒಳಗೆ ಬಿಟ್ಟು ಬಾಗಿಲು ಹಾಕಿದಳು. ನಾವು ನಾಲ್ವರೂ ಓಣಿಯ ತುದಿಗೆ ಓಡಿ ನಿಂತೆವು. ಆಗ ಮನೆಯೊಳಗಿಂದ ಒಂದೇ ಮಾತು ಕೇಳಿಸಿತು: "ಒಣದ್ರಾಕ್ಷಿ, ಎರಡು ಹಿಡಿ!"

"ಅಯ್ಯೋ, ಅದು ನಾಯಿಗೆ ವಿಷ ಇದ್ದಾಂಗ್ರಿ!" ಡಾಕ್ಟರ್ ಚೀಲ ಹಿಡಿದು ಹಿಂದಕ್ಕೆ ಓಡಿದರು. "ಯಾರು ಕೊಟ್ಟಿದ್ದು?"

"ನಾನ ರೀ," ಎಂದೆ. "ಮುಂಜಾನೆ, ಪಟ್ಟಿ ಮಾತಾಡಿದ ಖುಷಿಗೆ. ನನಗ ಗೊತ್ತಿರಲಿಲ್ರಿ."

ಕಾಶಿ ಡಾಕ್ಟರ ಹಿಂದೆಯೇ ಓಡಿ ದಿವಾನನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಸೂಜಿ, ಸಲೈನು, ಮೂರು ದಿನ ರಕ್ತಪರೀಕ್ಷೆ. ಅವಳೂ ನಾನೂ ಸರದಿಯಲ್ಲಿ ಬಾಟಲಿ ಹಿಡಿದು ಕುಳಿತೆವು. ನಾಲ್ಕನೇ ದಿನ ದಿವಾನ ತಾನೇ ಎದ್ದು ಬಟ್ಟಲಿನ ನೀರು ಲೊಚಲೊಚ ಕುಡಿದ!

"ಈ ಪಟ್ಟಿ ಇಲ್ಲಂದ್ರ ಬರೇ ಅಜೀರ್ಣ ಅಂತ ತಿಳಕೊಂಡು ಕೂಡತಿದ್ವಿ" ಎಂದರು ಡಾಕ್ಟರ್. ಆ ಮಾತನ್ನು ಅವರಿಂದ ಮೂರು ಸಲ ಹೇಳಿಸಿದೆ.

ಕಾಶಿ ಪಟ್ಟಿಯನ್ನು ತೊಳೆದು ಗೇಟಿಗೆ ಒಣಹಾಕಿದಳು. ತಿರುಗಣಿ ಇಳಿಸಲು ಮರೆತಳು! ಅದೇ ವೇಳೆಗೆ ಕಸದ ಗಾಡಿ ಬಂದು ಪಟ್ಟಿಯ ಪಕ್ಕದಲ್ಲೇ ನಿಂತಿತು. ಅದರ ಹಾಡು ಗಕ್ಕನೆ ನಿಂತು, ಧ್ವನಿವರ್ಧಕ ಪಟ್ಟಿಯ ದನಿಯಲ್ಲೇ ಗಂಟಲು ಸರಿಪಡಿಸಿಕೊಂಡಿತು:

"ಎಡಗಡೆ ಮೊದಲ ಮನೆ, ಹಳಸಿದ ಸಾರು! ಎದುರು ಮನೆ, ಅತ್ತೆಗೆ ಉಪ್ಪಿಟ್ಟು, ಸೊಸೆಗೆ ಹೋಟೆಲಿನ ಬಿರಿಯಾನಿ!"

ಪಟ್ಟಿ ಬಂದ್ ಮಾಡಿದೆವು. ಆದರೆ ಗಾಡಿ ಅಷ್ಟರಲ್ಲಿ ಪಾಠ ಕಲಿತಾಗಿತ್ತು. ಒದರುತ್ತಲೇ ಮುಂದಿನ ಓಣಿಗೆ ಹೊರಟಿತು.

ಕಾಶಿಯ ಕೆಲಸ ಮನೆಮನೆಗೆ ಮುಟ್ಟಲಿ ಎಂದು ನಾನು ದಿನಾ ದೇವರಿಗೆ ಕೈಮುಗಿಯುತ್ತಿದ್ದೆ. ಯಾವ ಗಾಡಿಯಲ್ಲಿ ಎಂದು ಹೇಳಿರಲಿಲ್ಲ, ಅಷ್ಟೆ.