ನಮ್ಮ ಫೋಟೊದಲ್ಲಿ ಯಾರದೋ ಕೂಸು ಕೂರಿಸಿದವರಿಗೆ

ಕುಬಿಹಾಳ, ತಾ. ಕುಂದಗೋಳ

ಮಸುಕು ಮುಖಗಳ ಆಪದ್ಬಾಂಧವರೂ ಹಳೆಯ ಕಾಗದಗಳ ಪಾಲಿನ ವೈದ್ಯರೂ ಆದ ಫೋಟೊ ತಿದ್ದುವ ತಂತ್ರಾಂಶದ ಸನ್ನಿಧಾನಕ್ಕೆ ಸಿದ್ಧಾರೂಢನ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

ಇತ್ತ ನಾವು ಕ್ಷೇಮ. ತಾವು ಯಾವ ಊರಿನವರೆಂದು ಎಷ್ಟು ಹುಡುಕಿದರೂ ತಿಳಿಯದ ಕಾರಣ ಈ ಪತ್ರವನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ. ಓದಿದವರು ಯಾರಾದರೂ ತಮಗೆ ಮುಟ್ಟಿಸಿದರೆ ಸಾಕು.

ನಾನು ಒಂಬತ್ತನೇ ಇಯತ್ತೆಗೆ ಶಾಲೆ ಬಿಟ್ಟವನು. ಗೊತ್ತಿಲ್ಲದ ಪ್ರಶ್ನೆಯ ಮುಂದೆ ‘ಗೊತ್ತಿಲ್ಲ’ ಎಂದು ಬರೆದು ಬರುವ ಕೆಟ್ಟ ಚಟ ನನಗಿತ್ತು; ಬಾಜು ಕೂತವನು ತೋಚಿದ್ದನ್ನು ತುಂಬಿ ಪಾಸಾಗುತ್ತಿದ್ದ. ಆಮೇಲೆ ಟ್ರ್ಯಾಕ್ಟರ್ ಹೊಡೆದೆ, ಮೋಟರ್ ವೈಂಡಿಂಗ್ ಅರ್ಧ ಕಲಿತು ಬಿಟ್ಟೆ, ಈಗ ಎಂಟು ತಿಂಗಳಿಂದ ಕುಂದಗೋಳದಲ್ಲಿ ಯುನೂಸನ ಫ್ಲೆಕ್ಸ್ ಅಂಗಡಿಯಲ್ಲಿ ಕೂತು ಹುಟ್ಟುಹಬ್ಬದ ಬೋರ್ಡುಗಳಿಗೆ ಮುಖ ಅಂಟಿಸುತ್ತಿದ್ದೇನೆ. ತಮ್ಮ ದರ್ಶನಭಾಗ್ಯ ಒದಗಿದ್ದು ಅಲ್ಲಿಯೇ.

ವಿಷಯ ನಮ್ಮ ಮನೆಯ ಒಂದೇ ಒಂದು ಹಳೆಯ ಫೋಟೊದ್ದು. ಸುಮಾರು ಐವತ್ತು ವರ್ಷದ ಹಿಂದೆ ಯುನೂಸನ ಅಜ್ಜ ಇಮಾಮುದ್ದೀನ ಸಾಹೇಬರು ತೆಗೆದದ್ದು. ಕುರ್ಚಿಯ ಮೇಲೆ ಕೂತವರು ನನ್ನ ಅಜ್ಜನ ಅಪ್ಪ ಮತ್ತು ಅವ್ವ, ನಮ್ಮ ಬಾಯಲ್ಲಿ ಹಿರೇಮುತ್ಯಾ, ಹಿರೇಅಮ್ಮ. ಹಿಂದೆ ನಿಂತವರು ಅಜ್ಜ ಮುದಕಪ್ಪ ಮತ್ತು ಅಜ್ಜಿ ಮಲ್ಲಕ್ಕ. ಹಿರೇಅಮ್ಮನ ತೊಡೆಯ ಮೇಲೆ ಅಜ್ಜಿಯ ಚೊಚ್ಚಲ ಮಗಳು, ಮೂರು ವರ್ಷದ ನೀಲವ್ವ. ಫೋಟೊ ಮನೆಗೆ ಬಂದ ವರ್ಷವೇ ನೀಲವ್ವ ಜ್ವರದಲ್ಲಿ ತೀರಿಕೊಂಡಳು. ನನ್ನ ಅಪ್ಪ ಹುಟ್ಟಿದ್ದು ಅದಾದ ಮೇಲೆ, ಅವನು ಚಿಣ್ಣಿದಾಂಡು ಆಡಿ ಫೋಟೊದ ಗಾಜು ಒಡೆದದ್ದು ಇನ್ನೂ ಕೆಲವು ವರ್ಷಕ್ಕೆ.

ಸತ್ತವರ ಫೋಟೊಕ್ಕೆ ಅಮಾವಾಸ್ಯೆಗೊಮ್ಮೆ ಕುಂಕುಮ ಇಡುವುದು ನಮ್ಮ ಮನೆಯ ಪದ್ಧತಿ. ಬದುಕಿದವರ ಫೋಟೊಕ್ಕೆ ತಪ್ಪಿಯೂ ಇಡುವುದಿಲ್ಲ. ಗಾಜಿಲ್ಲವೆಂದು ಅಮಾವಾಸ್ಯೆ ನಿಲ್ಲುವುದಿಲ್ಲವಲ್ಲ. ಅಜ್ಜಿ ಒದ್ದೆ ಬೆರಳಿನಿಂದ ಹೋದ ತಿಂಗಳ ಕುಂಕುಮ ಒರೆಸಿ, ಈ ತಿಂಗಳದ್ದನ್ನು ಕಾಗದದ ಮೇಲೆಯೇ ಇಡುತ್ತ ಬಂದಳು. ಹೀಗಾಗಿ ಯಾರು ಯಾವಾಗ ತೀರಿಕೊಂಡರೆಂಬುದನ್ನು ನಮ್ಮ ಫೋಟೊದಲ್ಲಿ ಮುಖ ಸವೆದ ಲೆಕ್ಕದಲ್ಲಿಯೇ ಹೇಳಬಹುದು. ಐದು ವರ್ಷದ ಹಿಂದೆ ಹೋದ ಅಜ್ಜನ ಹಣೆ ಮಾತ್ರ ಮಾಸಿದೆ. ಹಿರೇಅಮ್ಮನಿಗೆ ಕಣ್ಣಿಲ್ಲ, ಮೂಗುತಿಯೂ ಗದ್ದದ ಹಚ್ಚೆಯೂ ಇವೆ. ಹಿರೇಮುತ್ಯಾನದು ರುಮಾಲು ಮತ್ತು ಬೊಚ್ಚು ಬಾಯಿ ಉಳಿದಿವೆ. ನೀಲವ್ವನಿಗೆ ಲಂಗದ ಮೇಲೆ ಕುತ್ತಿಗೆ, ಕುತ್ತಿಗೆಯ ಮೇಲೆ ಒಂದು ಕೆಂಪು ಮೋಡ. ಬದುಕಿರುವ ಅಜ್ಜಿಯ ಮುಖವಷ್ಟೇ ನಿನ್ನೆ ತೆಗೆದಂತಿದೆ.

ಕಳೆದ ಶ್ರಾವಣದಲ್ಲಿ ಅಜ್ಜಿ ನನ್ನನ್ನು ಕರೆದು, “ಸಿದ್ದ್ಯಾ, ಊರ ಮಂದಿ ಮಾರಿ ಎಲ್ಲಾ ಫಳಫಳ ಮಾಡ್ತೀಯಂತ, ನಮ್ಮ ನೀಲವ್ವಂದೂ ಒಂಚೂರು ಮಾಡಲೇ. ಅಕಿ ಮಾರಿ ನೆನಪಾಗವಲ್ದು ನನಗ” ಎಂದಳು. ತನ್ನ ಬೆರಳೇ ಮಗಳ ಮುಖವನ್ನು ಒರೆಸಿದ್ದೆಂಬುದು ಅವಳಿಗೂ ಗೊತ್ತಿತ್ತು. ಯುನೂಸನ ಅಟ್ಟದ ಮೇಲಿನ ನೆಗೆಟಿವ್‌ಗಳು ಒಂದಕ್ಕೊಂದು ಅಂಟಿ ಹಪ್ಪಳವಾಗಿದ್ದವು. ಉಳಿದ ಆಸರೆ ತಾವೊಬ್ಬರೇ.

ತಮ್ಮ ಕೈಗುಣವನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಹೊಗೆಸೊಪ್ಪಿಗೆ ಹಲ್ಲು ಅರ್ಪಿಸಿದ್ದ ಹಿರೇಮುತ್ಯಾನಿಗೆ ಹನ್ನೊಂದು ಸೆಕೆಂಡಿನಲ್ಲಿ ಮೂವತ್ತೆರಡನ್ನೂ ಮರಳಿಸಿದಿರಿ. ಹಿರೇಅಮ್ಮನ ಹಚ್ಚೆಯನ್ನು ಕಲೆಯೆಂದು ತಿಳಿದು ತೊಳೆದಿರಿ. ಸಣ್ಣಾಕಿದ್ದಾಗ ಸೂಜಿ ಚುಚ್ಚಿಸಿಕೊಂಡು ಅತ್ತದ್ದು ದಂಡವಾಯಿತು. ಅಜ್ಜನ ಮೆಳ್ಳೆಗಣ್ಣನ್ನು ನೆಟ್ಟಗೆ ಮಾಡಿದಿರಿ. ಒಂದು ಎತ್ತನ್ನು ನೋಡುತ್ತ ಇನ್ನೊಂದರ ಮಾಲೀಕನನ್ನು ಗಾಬರಿಪಡಿಸುವ ಆ ಕಣ್ಣಿನಿಂದಲೇ ಅವನು ಸಂತೆಯಲ್ಲಿ ಜೀವನವಿಡೀ ಚೌಕಾಸಿ ಗೆದ್ದವನು. ಈಗ ನೋಡಿದರೆ ಬ್ಯಾಂಕಿನ ಮ್ಯಾನೇಜರ್ ಅನ್ನಬೇಕು, ಅವನಿಗೆ ಒಂದು ಕರುವನ್ನೂ ಯಾರೂ ಅಗ್ಗಕ್ಕೆ ಕೊಡಲಾರರು.

ಇನ್ನು ಆ ಕೆಂಪು ಮೋಡ. ಅಲ್ಲಿ ತಾವು ಒಂದು ಕೂಸನ್ನು ಕೂರಿಸಿದಿರಿ. ದುಂಡು ಗಲ್ಲ, ಹಣೆಗೆ ಸರಿಯಾಗಿ ಕತ್ತರಿಸಿದ ಕೂದಲು, ನಕ್ಕರೆ ಬೀಳುವ ಗುಳಿ. ಅಗದಿ ಚಂದದ ಕೂಸು. ಮುಖದ ಸುಳಿವೇ ಇಲ್ಲದ ಜಾಗದಲ್ಲಿ ಇಷ್ಟು ಖಾತ್ರಿಯಿಂದ ಮುಖ ಬರೆದದ್ದನ್ನು ಕಂಡು, ಪರೀಕ್ಷೆಯಲ್ಲಿ ನನ್ನ ಬಾಜು ಕೂರುತ್ತಿದ್ದವರು ತಾವೇ ಏನೋ ಎಂಬ ಅನುಮಾನ ಬಂತು.

ಮನೆಯಲ್ಲಿ ಸಂಭ್ರಮವೋ ಸಂಭ್ರಮ. ಚಿಕ್ಕಪ್ಪನ ಹೆಂಡತಿ, ನನ್ನ ಕಾಕು ಸುನೀತಾ “ಥೇಟ್ ನನ್ನ ಮಗಳ ಹಂಗ ಅದಾಳಲ್ಲೋ” ಎಂದು ಅದನ್ನು ಬಳಗದ ವಾಟ್ಸಾಪ್ ಗುಂಪಿಗೆ ಹಾಕಿದಳು. ನೀಲವ್ವ ಸತ್ತ ಹತ್ತು ವರ್ಷಕ್ಕೆ ಹುಟ್ಟಿದ ದುಮ್ಮವಾಡದ ಮಾವನೊಬ್ಬ, “ಹಿಂಗ ಇದ್ಲು, ನನಗ ಚೊಲೊ ನೆನಪೈತಿ” ಎಂದು ಬರೆದ. ಇದು ನೀಲವ್ವ ಅಲ್ಲ ಎಂದು ನಾನು ಹೇಳಿದ್ದಕ್ಕೆ ಕಾಕು, “ಬಾಯಿ ಮುಚ್ಕೊಂಡು ಕುಂದ್ರು. ಮುದುಕಿ ಜೀವಕ್ಕ ಸಮಾಧಾನ ಆಕ್ಕೈತಿ. ಖರೇ ಮಾತಾಡಿ ಸಾಲಿ ಬಿಟ್ಟಿ, ಇನ್ನ ಮನೀನೂ ಬಿಡಾಂವೇನು” ಎಂದು ಗದರಿದಳು.

ಅಜ್ಜಿ ಹೊಸ ಫೋಟೊವನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. ನಂತರ, “ಇದು ನಮ್ಮ ನೀಲವ್ವನೇ ಏನೋ” ಎಂದು ನನ್ನನ್ನೇ ಕೇಳಿದಳು. ಕಾಕು ಬಾಗಿಲಲ್ಲಿ ನಿಂತು ಕಣ್ಣು ಬಿಡುತ್ತಿದ್ದಳು. ‘ಹೂಂ’ ಎಂದಿದ್ದರೆ ಎಲ್ಲವೂ ಮುಗಿಯುತ್ತಿತ್ತು, ಈ ಪತ್ರವೂ ಇರುತ್ತಿರಲಿಲ್ಲ. ನಾನು, “ಗೊತ್ತಿಲ್ಲ ಅಜ್ಜಿ. ಮಾರಿ ಉಳದಿರಲಿಲ್ಲ, ಮಶೀನು ತನ್ನ ಮನಸಿಗೆ ಬಂದದ್ದು ಕೂಡಿಸೇತಿ” ಎಂದೆ. “ಹಂಗಾರ ಇದು ಯಾರ ಕೂಸು” ಎಂದಳು. ಅದಕ್ಕೂ ನನ್ನ ಉತ್ತರ ಅದೇ ಆಗಿತ್ತು. ಕಾಕು ಎರಡು ದಿನ ನನ್ನ ತಾಟಿಗೆ ರೊಟ್ಟಿಯನ್ನು ಎಸೆದೇ ಬಡಿಸಿದಳು.

ಅಮಾವಾಸ್ಯೆ ಬಂತು. ಹೊಸ ಫೋಟೊ ಹೊಸ ಗಾಜಿನೊಳಗೆ ಗೋಡೆಯ ಮೇಲಿತ್ತು. ಅಜ್ಜಿ ಹಿರೇಮುತ್ಯಾನಿಗೆ ಕುಂಕುಮ ಇಟ್ಟಳು, ಹಿರೇಅಮ್ಮನಿಗೆ ಇಟ್ಟಳು, “ನಿನ್ನ ಕಣ್ಣು ಯಾವಾಗ ನೆಟ್ಟಗಾತೋ ಮಾರಾಯಾ” ಎಂದು ಗೊಣಗುತ್ತ ಅಜ್ಜನಿಗೂ ಇಟ್ಟಳು, ಕೂಸನ್ನು ಬಿಟ್ಟು ಕೈ ತೆಗೆದಳು. ಕಾಕು, “ಅತ್ತಿ, ನೀಲವ್ವ ಉಳದ್ಲು” ಎಂದು ನೆನಪಿಸಿದಾಗ, “ಯಾರ ಮನಿ ಕೂಸೋ ಏನೋ, ಎಲ್ಲೆರೆ ಆಡಕೋತ ಇದ್ದೀತು. ಜೀವಂತ ಕೂಸಿನ ಫೋಟೊಕ್ಕ ಕುಂಕುಮ ಹಚ್ಚೂ ಪಾಪ ನನಗ್ಯಾಕ” ಎಂದಳು. ಆಮೇಲೆ ಜೋಳದ ಚೀಲದ ಹಿಂದೆ ಇಟ್ಟಿದ್ದ ಹಳೆಯ ಫೋಟೊವನ್ನು ತಾನೇ ಎಳೆದು ತೆಗೆದು, ಬೆರಳು ಒದ್ದೆ ಮಾಡಿಕೊಂಡು, ನೋಡದೆಯೇ ಸರಿಯಾಗಿ ಆ ಕೆಂಪು ಮೋಡದ ಮೇಲೆ ಇಟ್ಟಳು. ಬೆರಳು ಅಲ್ಲಿಯೇ ತುಸು ನಿಂತಿತು. “ಕುಂಕುಮ ಹಚ್ಚಾಕ ಹ್ವಾದ್ರ ಮೂಗು ಸೊಟ್ಟ ಮಾಡತಿದ್ಲು ನೋಡು,” ಎಂದು ನಕ್ಕಳು, “ಈಗ ನೆನಪಾತು.”

ಆದ್ದರಿಂದ ಮಾನ್ಯರಲ್ಲಿ ನನ್ನ ವಿನಂತಿ ಇಷ್ಟೇ. ಅಜ್ಜನ ಮೆಳ್ಳೆಯನ್ನು, ಎಡಗಣ್ಣಿನದೇ ಎಂಬುದನ್ನು ಮರೆಯದೆ, ಮರಳಿಸಬೇಕು. ಹಿರೇಮುತ್ಯಾನ ಹಲ್ಲುಗಳನ್ನು ಯಾರ ಬಾಯಿಂದ ಕಿತ್ತು ತಂದಿರೋ ಅವರು ರೊಟ್ಟಿಯ ಮುಂದೆ ಕೂತು ಕಾಯುತ್ತಿರಬಹುದು, ಬೇಗ ಮುಟ್ಟಿಸಬೇಕು. ಮತ್ತು ಬೆಳ್ಳಗೆ ಮಾಡುವ, ತೆಳ್ಳಗೆ ಮಾಡುವ, ನಗಿಸುವ ತಮ್ಮ ನೂರಾರು ಗುಂಡಿಗಳ ನಡುವೆ, ಒತ್ತಿದರೆ ‘ನನಗೂ ಗೊತ್ತಿಲ್ಲ’ ಎಂದು ಹೇಳುವ ಒಂದು ಚಿಕ್ಕ ಗುಂಡಿಗೆ ಜಾಗ ಮಾಡಬೇಕು. ಅದನ್ನು ಹೇಗೆ ಹೇಳುವುದೆಂದು ತಿಳಿಯದಿದ್ದರೆ ಕುಬಿಹಾಳಕ್ಕೆ ಬನ್ನಿ, ನನಗೆ ಆ ವಿಷಯದಲ್ಲಿ ಒಂಬತ್ತು ವರ್ಷದ ಅನುಭವವಿದೆ.

ಪಾಸಾದವರ ಬಗ್ಗೆ ಅಸೂಯೆ ಇಲ್ಲದ,
ತಮ್ಮ ವಿಶ್ವಾಸಿ,
ಸಿದ್ಧಾರೂಢ

ತಾ.ಕ.: ತಾವು ಕೂರಿಸಿದ ಕೂಸು ಇನ್ನೂ ನಮ್ಮ ಗೋಡೆಯ ಮೇಲೆಯೇ ಇದೆ. ಮಂದಿಯ ಕೂಸು ನಮ್ಮ ಮನೆಯಲ್ಲಿ ಉಪವಾಸ ಇರಬಾರದೆಂದು ಅಜ್ಜಿ ದಿನಾ ಮುಂಜಾನೆ ಅದರ ಮುಂದೆ ಒಂದು ಚೂರು ಬೆಲ್ಲ ಇಡುತ್ತಾಳೆ. ವಾರಸುದಾರರು ಸಿಕ್ಕರೆ ತಿಳಿಸಿ. ಸಿಗದಿದ್ದರೆ ಬರುವ ಜೂನಿಗೆ ಅದನ್ನು ಅಂಗನವಾಡಿಗೆ ಹಚ್ಚುತ್ತೇವೆ. ತಂದೆಯ ಹೆಸರಿನ ಮುಂದೆ ನಾನು ಈ ಸಲ ‘ಗೊತ್ತಿಲ್ಲ’ ಎಂದು ಬರೆಯುವುದಿಲ್ಲ, ತಮ್ಮ ಹೆಸರನ್ನೇ ಬರೆಸುತ್ತೇನೆ.